ದ್ವಾರಪಾಲಕನ ಪ್ರಶ್ನೆ

ಗದಗಿನ ಸೇತು ನಿಗಾ ಕೇಂದ್ರದ ಗೋಡೆಯ ಮೇಲೆ ಸಾವಿರದ ನೂರಾ ಆರು ಹಸಿರು ದೀಪಗಳಿದ್ದವು. ಒಂದೊಂದು ದೀಪಕ್ಕೂ ಊರಲ್ಲೊಬ್ಬ ಮನುಷ್ಯ. ಮಹಾನವಮಿಯ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅದರಲ್ಲಿ ನಾನೂರ ಹದಿನೇಳನೆಯ ದೀಪ ಆರಿತು. ಎಚ್ಚರಿಕೆಯ ಗಂಟೆ ಬಾಯಿ ತೆರೆಯುವ ಮೊದಲೇ ಅಲ್ಲಿನ ತಂತ್ರಜ್ಞೆ ಕಸ್ತೂರಿ ಅದರ ಗುಂಡಿ ಒತ್ತಿ ಸುಮ್ಮನಾಗಿಸಿದಳು, ತನ್ನಷ್ಟಕ್ಕೆ ನಕ್ಕಳು ಕೂಡ. ಆ ದೀಪ ಅವಳ ಅತ್ತೆ ಗುರುಸಿದ್ಧವ್ವನದು. ವರ್ಷಕ್ಕೊಮ್ಮೆ ಈ ದಿನ, ಹೆಚ್ಚೂಕಡಿಮೆ ಈ ಹೊತ್ತಿಗೆ, ಅದು ಆರಲೇಬೇಕು.

ಸೇತು ಎಂದರೆ ಹುಣಸೆಬೀಜದಷ್ಟು ದೊಡ್ಡ ಯಂತ್ರ. ಲಕ್ವ ಹೊಡೆದು ಮಿದುಳಿನ ಒಂದು ಭಾಗ ಸತ್ತುಹೋದವರಿಗೆ ಅದನ್ನು ಕಿವಿಯ ಹಿಂದಿನ ಎಲುಬಿನಲ್ಲಿ ಕೂರಿಸುತ್ತಾರೆ. ಸತ್ತ ಭಾಗವನ್ನು ಅದು ಬದುಕಿಸುವುದಿಲ್ಲ. ಕೂದಲಿಗಿಂತ ಸಣ್ಣ ತಂತಿಗಳಿಂದ ಆಚೆ ದಡದ ಮಾತನ್ನು ಈಚೆ ದಡಕ್ಕೆ ದಾಟಿಸುತ್ತದೆ, ಅಷ್ಟೇ. ಅದರೊಳಗೆ ಓಡುವ ಸಿಸ್ಟಮ್ಮಿನ ಹೆಸರು 'ನಡೆನುಡಿ'. ಹಾಕಿದ ದಿನ ಅದಕ್ಕೆ ಏನೂ ಬರುವುದಿಲ್ಲ. ಯಜಮಾನ ಹೇಗೆ ಕಾಲೆತ್ತುತ್ತಾನೆ, ಯಾವ ಮಾತಿಗೆ ನಾಲಿಗೆ ಎಲ್ಲಿ ಮಡಿಸುತ್ತಾನೆ ಎಂಬುದನ್ನು ವರ್ಷಗಟ್ಟಲೆ ಕಲಿಯುತ್ತದೆ. ಬಂದು ಹದಿನೈದು ವರ್ಷವಾಗಿ ಊರು ಈಗ ಅದಕ್ಕೆ ಒಗ್ಗಿಹೋಗಿತ್ತು. ಬಸ್ಸಿನಲ್ಲಿ ಸೇತುವಿನವರಿಗೆ ಚಾರ್ಜಿನ ಸೀಟು, ಮದುವೆಯಲ್ಲಿ ಪಂಕ್ತಿಯ ತುದಿಗೆ ಚಾರ್ಜಿನ ವೈರು. ಮಾತಿಗೆ ತಡವರಿಸಿದವರನ್ನು, ಅವರಿಗೆ ಸೇತು ಇರಲಿ ಬಿಡಲಿ, "ಯಾಕ, ಸೇತು ಬಿಸಿಯಾತೇನು?" ಎಂದು ಚುಡಾಯಿಸುವುದೂ ರೂಢಿಯಾಗಿತ್ತು.

ಗುರುಸಿದ್ಧವ್ವ ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನತಿ. ಮೂವತ್ತೈದು ವರ್ಷ ಕೈಯಿಂದ ಸೀಸದ ಅಚ್ಚುಮೊಳೆ ಜೋಡಿಸಿದವಳು. ಅಚ್ಚು ಒತ್ತಿದ ಗುರುತು ಕಾಗದದ ಮೇಲೆ ಬೆರಳಿಗೆ ಸಿಗಬೇಕೆಂಬ ಶೋಕಿ ಹಣವಂತರಿಗೆ ಹುಟ್ಟಿದ ಮೇಲಂತೂ ಅವಳ ಲಗ್ನಪತ್ರಿಕೆಗಳಿಗೆ ಬೆಂಗಳೂರಿನಿಂದಲೂ ಜನ ಬರುತ್ತಿದ್ದರು. ಆರು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆಯ ಮೈಯೂ ಮಾತೂ ಹೋದವು. ಸೇತು ಬಂತು. ಮೊದಲ ಖಂಡೇಪೂಜೆಗೆ, ಅಂದರೆ ಮಹಾನವಮಿಯ ಆಯುಧಪೂಜೆಗೆ, ಮನೆಯವರು ಮಷೀನುಗಳಿಗೆ ಅರಿಷಿಣ ಕುಂಕುಮ ಏರಿಸುತ್ತಿದ್ದಾಗ ಅವಳು ಕುರ್ಚಿ ತರಿಸಿ ಮಷೀನುಗಳ ನಡುವೆ ಕೂತು, ತೊದಲು ಮಾತಿನಲ್ಲೇ ಹಟ ಹಿಡಿದಿದ್ದಳು. ತನ್ನ ಆಯುಧ ಇದು, ಇದಕ್ಕೂ ವಿಶ್ರಾಂತಿ ಬೇಕು, ಪೂಜೆ ಬೇಕು ಎಂದು. ಅಂದಿನಿಂದ ವರ್ಷಕ್ಕೊಮ್ಮೆ ಕಿವಿಯ ಹಿಂದೆ ಆಯಸ್ಕಾಂತ ಮುಟ್ಟಿಸಿ ಸೇತು ಬಂದ್ ಮಾಡುವುದು, ಕುಂಕುಮ ಹಚ್ಚಿ, ಹಾರ ಹಾಕಿ, ಆರತಿ ಎತ್ತುವುದು, ಹತ್ತು ನಿಮಿಷಕ್ಕೆ ಮತ್ತೆ ಚಾಲೂ ಮಾಡುವುದು. ಕೇಂದ್ರದ ಡಾಕ್ಟರುಗಳು ಮೊದಮೊದಲು ಹುಬ್ಬು ಗಂಟಿಕ್ಕಿದರು. ಗುರುಸಿದ್ಧವ್ವನ ಜೊತೆ ವಾದ ಮಾಡಿ ಗೆದ್ದವರು ಬೆಟಗೇರಿಯಲ್ಲೇ ಇಲ್ಲವೆಂದ ಮೇಲೆ ಡಾಕ್ಟರುಗಳ ಪಾಡೇನು!

ಹತ್ತು ನಿಮಿಷ ಆಯಿತು. ಇಪ್ಪತ್ತಾಯಿತು. ಸಾವಿರದ ನೂರಾ ಐದು ದೀಪ ಉರಿಯುತ್ತಿದ್ದವು. ಕಸ್ತೂರಿಯ ನಗು ಎಲ್ಲೋ ಇಳಿದುಹೋಯಿತು. ಗಂಡ ಶಿವಯೋಗಿಯ ಫೋನು ಬಂತು.

"ಕಸ್ತೂರಿ, ಅವ್ವ ಏಳವಲ್ಲಳು."

ಅವಳು ಚೀಲಕ್ಕೆ ವೈರು, ತಪಾಸಣೆಯ ಪೆಟ್ಟಿಗೆ ತುಂಬಿಕೊಂಡು ಓಡಿದಳು.

*

ಪ್ರೆಸ್ಸಿನಲ್ಲಿ ಬಾಳೆಕಂದು ಕಟ್ಟಿದ್ದರು. ಎರಡು ಮಷೀನುಗಳೂ ಮೊಳೆ ಇಡುವ ಕೇಸುಗಳೂ ಚೆಂಡುಹೂವಿನಲ್ಲಿ ಮುಳುಗಿದ್ದವು. ಒಡೆದ ಬೂದುಗುಂಬಳದ ಹೋಳುಗಳು ಬಾಗಿಲಲ್ಲಿ ಕೆಂಪಗೆ ಬಿದ್ದಿದ್ದವು. ನಡುವಿನ ಕುರ್ಚಿಯಲ್ಲಿ, ಕೊರಳ ತುಂಬ ಹಾರ ಹಾಕಿಕೊಂಡು, ಗುರುಸಿದ್ಧವ್ವ ಬಲಕ್ಕೆ ವಾಲಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ಎಡಗಣ್ಣಿನಲ್ಲಿ ಮಾತ್ರ ಸಿಟ್ಟು ಇಡಿಯಾಗಿ ಉಳಿದಿತ್ತು. ಲಕ್ವ ಅವಳ ಮಾತು ಕಸಿದಿತ್ತೇ ಹೊರತು ತಿಳಿವಳಿಕೆಯನ್ನಲ್ಲ. ಸುತ್ತ ನಿಂತವರು ಆಡುವುದೆಲ್ಲ ಅವಳಿಗೆ ಕೇಳುತ್ತಿತ್ತು, ಅರ್ಥವೂ ಆಗುತ್ತಿತ್ತು.

"ಆಯಸ್ಕಾಂತ ನಾಕ ಸಲ ಹಚ್ಚಿ ತಗದೆ. ಎದ್ದಂಗ ಮಾಡತೈತಿ, ಮತ್ತ ಬೀಳತೈತಿ," ಎಂದ ಶಿವಯೋಗಿ. "ಐದು ವರ್ಷ ಏನೂ ಆಗಿಲ್ಲ. ಈ ವರ್ಷ ಯಾಕ?"

ಯಾಕೆಂದು ಕಸ್ತೂರಿಗೆ ಗೊತ್ತಿತ್ತು. ತಪ್ಪು ತನ್ನದು.

ಶ್ರಾವಣದಲ್ಲಿ ಒಂದು ದಿನ ಅತ್ತೆ ಅಡುಗೆಮನೆಗೆ ಬಂದು ಕೂತು ಹೇಳಿದ್ದಳು: "ನಡೀತೇನಿ, ಮಾತಾಡ್ತೇನಿ. ಆದ್ರ ಬಲಗೈಯಾಗ ಒಂದು ಮೊಳಿ ನಿಂದ್ರವಲ್ದು. ಬರೇ ಬಾಯಿ ಮಾಡಕೋತ ಕುಂದ್ರಾಕ ನಾ ಏನ್ ಎಲೆಕ್ಷನ್ನಿಗೆ ನಿಂತೇನಿ?" ನಡೆನುಡಿಗೆ ತೋಳು ಎತ್ತಲು ಬರುತ್ತಿತ್ತು, ಬೆರಳಿನ ನಾಜೂಕು ಬರುತ್ತಿರಲಿಲ್ಲ. ಅದಕ್ಕೆಂದೇ 'ಕೈಗುಣ' ಎಂಬ ಎರಡನೆಯ ಸಿಸ್ಟಮ್ ಬೇರೆಯವರು ಮಾಡಿದ್ದರು. ಕೇಂದ್ರ ಅದಕ್ಕಿನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಕಸ್ತೂರಿ ಒಪ್ಪಿಗೆಗೆ ಕಾಯಲಿಲ್ಲ. ಒಂದು ಮಧ್ಯಾಹ್ನ, ನಡೆನುಡಿ ಓಡುತ್ತಿರುವಾಗಲೇ, ಅದರ ಪಕ್ಕದಲ್ಲಿ ಕೈಗುಣವನ್ನು ಕೂರಿಸಿದಳು. ಹೀಗೆ ಎರಡು ಕೂರಿಸಿದ ಮೇಲೆ ಒಮ್ಮೆ ಬಂದ್ ಮಾಡಿ, ಚಾಲೂ ಮಾಡಿ, ಸರಿಯಾಗಿ ಬೂಟ್ ಆಗುತ್ತದೆಯೇ ನೋಡಬೇಕು. ಈ ಕಸುಬಿನ ಮೊದಲ ಪಾಠವೇ ಅದು. ಅತ್ತೆ ಬಿಡಲಿಲ್ಲ. "ಆಯುಧ ಬಂದ್ ಮಾಡೂದು ವರ್ಷಕ್ಕ ಒಂದ ಸಲ. ಖಂಡೇಪೂಜೀಗೆ ಹೆಂಗೂ ಮಾಡ್ತೇವಲ್ಲ, ಆವಾಗ ನೋಡಿದ್ರಾತು." ಮರುದಿನ ಬೆಳಿಗ್ಗೆ ಆ ಬಲಗೈ ಆರು ವರ್ಷದ ಮೇಲೆ ಮೊದಲ ಬಾರಿ ಕೇಸಿನಿಂದ ಮೊಳೆ ಆರಿಸಿತ್ತು. ಅದನ್ನು ಕಂಡ ಮೇಲೆ ಬಂದ್ ಮಾಡೋಣ ಎನ್ನುವ ಮನಸ್ಸು ಕಸ್ತೂರಿಗೂ ಬರಲಿಲ್ಲ. ಎರಡು ತಿಂಗಳು ಎಲ್ಲವೂ ಹೂವೆತ್ತಿದಂತೆ ನಡೆದಿತ್ತು, ಯಾಕೆಂದರೆ ಎರಡು ತಿಂಗಳಲ್ಲಿ ಒಮ್ಮೆಯೂ ಸೇತು ಮಲಗಿ ಎದ್ದಿರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ನಾಡಿಗೇರರಿಗೆ ಫೋನು ಹಚ್ಚಿ ಅವಳು ಏನನ್ನೂ ಮುಚ್ಚಿಡದೆ ಹೇಳಿದಳು.

"ನಿಮ್ಮ ಮೇಲೆ ಸಿಟ್ಟು ಮಾಡೋದು ನಾಡದು ಮಾಡ್ತೀನಿ," ಎಂದರು ನಾಡಿಗೇರ. "ಈಗ ಕೇಳ್ರಿ. ಸೇತು ಆರು ತಾಸು ಬಂದ್ ಇದ್ರ ಮಿದುಳು ಆ ತಂತಿಗಳ ಕೈ ಬಿಡಲಿಕ್ಕೆ ಸುರು ಮಾಡ್ತದ. ಆಮೇಲೆ ಏನು ಹಾಕಿದ್ರೂ ಹತ್ತಂಗಿಲ್ಲ. ಅಂದ್ರ ನಾಕು ಗಂಟೆ ಹತ್ತು ನಿಮಿಷದ ತನಕ. ನನ್ನ ಕಡೆ ಒಂದ ದಾರಿ ಅದ. ಇಲ್ಲಿಂದನ ಎಲ್ಲಾ ಅಳಿಸಿ, ಹೊಸ ನಡೆನುಡಿ ಹಾಕೋದು. ಅರ್ಧ ತಾಸಿನ ಕೆಲಸ."

"ಕಲತದ್ದೆಲ್ಲಾ ಹೋಗತೈತಿ ಸರ್."

"ಹೋಗ್ತದ. ಅರವತ್ತೊಂದು ವಯಸ್ಸಿನಾಗ ಮತ್ತ ಅಷ್ಟು ಕಲೀತಾರ ಅಂತ ನಾ ಮಾತು ಕೊಡಂಗಿಲ್ಲ. ಆದ್ರ ಖಾಲಿ ಸೇತು ಇದ್ದದ್ದು ಸತ್ತ ಸೇತುಕಿಂತ ಚಲೋ. ಮೂರು ನಲವತ್ತರ ತನಕ ನೋಡ್ರಿ. ಆಮೇಲೆ ನಾ ಅಳಿಸ್ತೀನಿ."

ಫೋನಿನ ಮಾತು ಎಲ್ಲರಿಗೂ ಕೇಳಿಸಿತ್ತು. ಆರು ವರ್ಷವೆಂದರೆ ಏನೆಂದು ಆ ಮನೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಿರಲಿಲ್ಲ. ಸೇತು ಹಾಕಿದ ಆರನೆಯ ತಿಂಗಳು ಊಟಕ್ಕೆ ಕೂತಾಗ ಗುರುಸಿದ್ಧವ್ವ ಮೊದಲ ಪದ ಆಡಿದ್ದಳು: "ಉಪ್ಪು." ಎಲ್ಲರೂ ತಟ್ಟೆ ಬಿಟ್ಟೆದ್ದು ಅತ್ತಿದ್ದರು. ಅಳುವ ಭರದಲ್ಲಿ ಉಪ್ಪು ಕೊಡುವುದನ್ನು ಮರೆತಿದ್ದರು, ಪಾಪ, ಅವಳು ಅದನ್ನೇ ಮತ್ತೆ ಮತ್ತೆ ಹೇಳಬೇಕಾಗಿತ್ತು.

"ಅಳಿಸಲಿ ಬಿಡು," ಎಂದ ಶಿವಯೋಗಿ. ಕಣ್ಣಲ್ಲಿ ನೀರಿತ್ತು. "ಮತ್ತ ಮೊದಲಿಂದ ಕಲಿಸೂಣು. ಇದ್ದದ್ದೂ ಹೋದ್ರ ಏನ್ ಮಾಡ್ತಿ?"

ಗುರುಸಿದ್ಧವ್ವ ಎಡಗೈಯಿಂದ ತೊಡೆಯ ಮೇಲಿದ್ದ ಆರತಿ ತಟ್ಟೆ ಎತ್ತಿ ಮಗನ ಕಡೆ ಬೀಸಿದಳು. ತಟ್ಟೆ ಗೋಡೆಗೆ ಬಡಿದು ಕುಂಕುಮವೆಲ್ಲ ಚೆಲ್ಲಿತು. ಅವಳ ಅಭಿಪ್ರಾಯ ಏನೆಂದು ಮತ್ತೆ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಕಸ್ತೂರಿ ಅತ್ತೆಯ ಮುಂದೆ ಮಂಡಿಯೂರಿ ಕೂತು ಆ ಕೈ ಹಿಡಿದುಕೊಂಡಳು. "ಅತ್ತೀ, ಮನಿ ಬಿದ್ದಿಲ್ಲ. ನೀವು ಕಲತದ್ದೆಲ್ಲಾ ಒಳಗ ಹಂಗ ಐತಿ. ಬಾಗಲಾ ಸಿಗವಲ್ದು, ಅಷ್ಟ. ಹುಡುಕ್ತೇನಿ."

ಅತ್ತೆಯ ಕೈ ಅವಳ ಬೆರಳನ್ನು ಒಮ್ಮೆ ಗಟ್ಟಿಯಾಗಿ ಒತ್ತಿತು.

*

ಸೇತು ಚಾಲೂ ಆದಾಗ ಮೊದಲು ಏಳುವುದು ನಡೆನುಡಿಯಲ್ಲ. ಅದಕ್ಕೂ ಮುಂಚೆ ಏಳುವ ಚಿಕ್ಕ ಪ್ರೋಗ್ರಾಮೊಂದಿದೆ. ಕೇಂದ್ರದವರು ಅದನ್ನು ದ್ವಾರಪಾಲಕ ಎನ್ನುತ್ತಾರೆ. ಅದರ ಕೈಯಲ್ಲೊಂದು ಚೀಟಿ. ಯಾರನ್ನು ಎಬ್ಬಿಸಬೇಕೆಂದು ಆ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿಯಲ್ಲಿ ಒಂದೇ ಹೆಸರಿದ್ದರೆ ದ್ವಾರಪಾಲಕ ಸೀದಾ ಹೋಗಿ ಎಬ್ಬಿಸುತ್ತಾನೆ. ಅವನ ಬುದ್ಧಿ ಅಷ್ಟಕ್ಕೇ.

ಕಸ್ತೂರಿ ಕಿವಿಯ ಹಿಂದೆ ವೈರಿನ ಬಿಲ್ಲೆ ಅಂಟಿಸಿ, ಪೆಟ್ಟಿಗೆಯ ಪರದೆಯ ಮೇಲೆ ಕಣ್ಣು ನೆಟ್ಟಳು. ನಡೆನುಡಿ ಮಲಗಿರುವಾಗ ಸೇತುವನ್ನು ಹೊರಗಿನಿಂದ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಯಾರೋ ದಾರಿಹೋಕ ಬಂದು ಒಬ್ಬರ ತಲೆಯೊಳಗೆ ಗೀಚಬಾರದಲ್ಲ. ಎಲ್ಲ ಅಳಿಸುವ ಆಜ್ಞೆಯೊಂದನ್ನು ಮಾತ್ರ ಅದು ಕೇಂದ್ರದಿಂದ ಕೇಳುತ್ತದೆ. ಅವಳು ಓದಿದಳು. ಹನ್ನೆರಡು ಗಂಟೆಯ ಹೊತ್ತಿಗೆ ರೋಗ ಸಿಕ್ಕಿತು.

ಕೈಗುಣ ಬಂದು ಕೂತಾಗ ಚೀಟಿಯಲ್ಲಿ ತನ್ನ ಹೆಸರನ್ನು ಮೇಲೆ ಬರೆದು, ನಡೆನುಡಿಯ ಹೆಸರನ್ನು ಕೆಳಗೆ ತಳ್ಳಿತ್ತು. ಈಗ ದ್ವಾರಪಾಲಕ ಎರಡು ಹೆಸರು ನೋಡಿ ತಬ್ಬಿಬ್ಬಾಗಿ "ಯಾರನ್ನು ಎಬ್ಬಿಸಲಿ?" ಎಂದು ಕೇಳುತ್ತಿದ್ದ. ಹದಿನೈದು ಸೆಕೆಂಡು ಕಾಯುತ್ತಿದ್ದ. ಉತ್ತರ ಬರದಿದ್ದರೆ ಮೇಲಿನ ಹೆಸರಿನವನನ್ನು, ಅಂದರೆ ಕೈಗುಣವನ್ನು, ಎಬ್ಬಿಸುತ್ತಿದ್ದ. ಕೈಗುಣ ಎದ್ದು, ತೋಳು ಎತ್ತಿಕೊಡಲು ನಡೆನುಡಿ ಎಲ್ಲಿ ಎಂದು ಹುಡುಕಿ, ಸಿಗದೆ ಬಿದ್ದುಬಿಡುತ್ತಿತ್ತು. ದ್ವಾರಪಾಲಕ ಮತ್ತೆ ಮೊದಲಿನಿಂದ ಕೇಳುತ್ತಿದ್ದ. ನಲವತ್ತು ಸೆಕೆಂಡಿಗೊಂದು ಸುತ್ತು. ಬೆಳಿಗ್ಗೆಯಿಂದ ಅವನು ನೂರಕ್ಕೂ ಹೆಚ್ಚು ಸಲ ಕೇಳಿದ್ದ, ಉತ್ತರ ಕೊಡಬೇಕಾದವಳು ಸೇತು ಏಳದೆ ಬಾಯಿ ತೆರೆಯುವಂತಿರಲಿಲ್ಲ.

ಉತ್ತರ ಕೊಡುವ ದಾರಿ ಬೇರೆ ಏನಾದರೂ ಇರಲೇಬೇಕು. ಅವಳು ಕೇಂದ್ರದಲ್ಲಿದ್ದ ಹಳೆಯ ಶಸ್ತ್ರಚಿಕಿತ್ಸೆಯ ಕೈಪಿಡಿಯನ್ನು ಫೋನಿಗೆ ತರಿಸಿಕೊಂಡು ಪುಟ ಪುಟ ಓದಿದಳು. ಯಾರೋ ತಂದಿಟ್ಟ ಹೋಳಿಗೆ ಪಕ್ಕದಲ್ಲಿ ಆರಿ ತಣ್ಣಗಾಯಿತು. ಒಂದೂವರೆಗೆ ಸಿಕ್ಕಿತು. ದ್ವಾರಪಾಲಕ ಕೂತಿರುವುದು ಎಲುಬಿನಲ್ಲಿ. ಆ ಹೊತ್ತಿಗೆ ಅವನಿಗೆ ಕೇಳಿಸುವುದು ಒಂದೇ ಸದ್ದು, ಯಜಮಾನ ಹಲ್ಲು ಕಡಿದದ್ದು. ಹೊರಗಿನಿಂದ ಬೆರಳಲ್ಲಿ ಕುಟ್ಟಿದರೆ ಅವನು ಲೆಕ್ಕಿಸುವುದಿಲ್ಲ. ಮೂರು ಸಲ ಹಲ್ಲು ಕಡಿದರೆ ಕೆಳಗಿನ ಹೆಸರು ಎಂದು ತಿಳಿಯುತ್ತಾನೆ. ಆದರೆ ರೊಟ್ಟಿ ಅಗಿಯುವುದನ್ನೂ ಉತ್ತರವೆಂದು ತಿಳಿಯಬಾರದಲ್ಲ, ಅದಕ್ಕೆ ಕಡಿತಕ್ಕೂ ಕಡಿತಕ್ಕೂ ನಡುವೆ ಎರಡೂವರೆ ಸೆಕೆಂಡು ಇರಬೇಕು. ಕಾಲು ಸೆಕೆಂಡು ಹೆಚ್ಚುಕಡಿಮೆಯಾದರೆ ನಡೆದೀತು, ಅದಕ್ಕಿಂತ ಹೆಚ್ಚಾಗಬಾರದು.

"ಅತ್ತೀ, ನಾ ಚಪ್ಪಾಳಿ ಬಡದಾಗೊಮ್ಮೆ ಹಲ್ಲು ಕಡೀರಿ. ಮೂರ ಸಲ."

ಗುರುಸಿದ್ಧವ್ವ ತಲೆಯಾಡಿಸಿದಳು. ಕಸ್ತೂರಿ ಗಡಿಯಾರ ನೋಡುತ್ತ ಚಪ್ಪಾಳೆ ತಟ್ಟಿದಳು. ಪರದೆಯ ಮೇಲೆ ಮೂರು ಗೀಟು ಮೂಡಿದವು, ಮೂರೂ ಒಂದೊಂದು ಬಗೆಯಾಗಿ ತಡ. ಮತ್ತೆ ತಟ್ಟಿದಳು. ಫೋನಿನಲ್ಲಿ ತಾಳದ ಸದ್ದು ಹಾಕಿದಳು. ಶಿವಯೋಗಿ ತಾಯಿಯ ಭುಜದ ಮೇಲೆ ಕೈಯಿಟ್ಟು ತಟ್ಟಿ ನೋಡಿದ. ಅರ್ಧ ಮುಖ ಜೋಮು ಹಿಡಿದವಳು. ಸದ್ದು ಕೇಳಿ, ಹಲ್ಲಿಗೆ ಹೇಳಿ, ಹಲ್ಲು ಕಡಿಯುವಷ್ಟರಲ್ಲಿ ಪ್ರತಿ ಸಲವೂ ಮೀರಿಹೋಗುತ್ತಿತ್ತು, ಒಮ್ಮೆ ಅರ್ಧ ಸೆಕೆಂಡು, ಒಮ್ಮೆ ಒಂದು. ಐವತ್ತು ಸುತ್ತಾದವು. ಅವಳ ದವಡೆ ನಡುಗತೊಡಗಿತು, ಎಡಗಣ್ಣಿನಿಂದ ನೀರು ಇಳಿಯಿತು. ಅಷ್ಟಾದರೂ "ಸಾಕು" ಎಂಬಂತೆ ಅವಳು ಒಮ್ಮೆಯೂ ತಲೆ ಅಲ್ಲಾಡಿಸಲಿಲ್ಲ. ಎರಡೂಮುಕ್ಕಾಲು ಆಗಿತ್ತು.

ಕಸ್ತೂರಿ ಎದ್ದು ನಿಂತಳು. ಸದ್ದಿಗೆ ಕಾದು ಕಡಿದರೆ ತಡವಾಗುತ್ತದೆ. ಸದ್ದು ಬರುವ ಮೊದಲೇ ಅದು ಯಾವಾಗ ಬರುತ್ತದೆಂದು ಮೈಗೆ ಗೊತ್ತಿರಬೇಕು. ಅತ್ತೆಯ ಮೈಗೆ ಹಾಗೆ ಗೊತ್ತಿರುವ ತಾಳ ಯಾವುದಿದೆ? ಅವಳ ಕಣ್ಣು ಟ್ರೆಡಲ್ ಮಷೀನಿನ ಮೇಲೆ ಬಿತ್ತು. ಕಾಲಿನಿಂದ ತುಳಿದು ಓಡಿಸುವ ಹಳೆಯ ಮಷೀನು. ಮೂವತ್ತೈದು ವರ್ಷ ಗುರುಸಿದ್ಧವ್ವ ಅದರಿಂದ ನಾಲ್ಕಡಿ ದೂರದಲ್ಲಿ ನಿಂತು ಮೊಳೆ ಜೋಡಿಸಿದ್ದಳು.

"ಮೌಲಾ ಕಾಕಾ, ನಿಮ್ಮ ಟ್ರೆಡಲ್ ತಾಸಿಗೆ ಎಷ್ಟು ಹೊಡೀತೈತಿ?"

ಮೌಲಾಸಾಬ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ನಲವತ್ತು ವರ್ಷದಿಂದ ಈ ಪ್ರೆಸ್ಸಿನ ಮಷೀನ್‌ಮ್ಯಾನ್. "ಸಾವಿರದ ನಾಕನೂರು. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ಯಾಕ ತಂಗಿ?"

ಕಸ್ತೂರಿ ಮನಸ್ಸಿನಲ್ಲೇ ಭಾಗಿಸಿದಳು. ಎರಡೂವರೆ ಸೆಕೆಂಡಿಗೆ ಕೂದಲೆಳೆಯಷ್ಟು ಹೆಚ್ಚು. ಸಾಕು.

"ಓಡಸ್ರಿ ಕಾಕಾ."

ಮೌಲಾಸಾಬ ಎದ್ದೇ ಬಿಟ್ಟ, ಆದರೆ ಮಷೀನಿನ ಕಡೆ ಹೋಗದೆ ಹಿಂದಕ್ಕೆ ಸರಿದ. "ಏನ್ ಮಾತಂತ ಆಡ್ತಿ! ಇವತ್ತ ಖಂಡೇಪೂಜಿ. ಹಾರ ಹಾಕೇತಿ, ಲಿಂಬೀಹಣ್ಣ ಇಟ್ಟೇತಿ. ನಾಳೆ ಬನ್ನಿ ಮುಡಿಯೂ ತನಕ ಅದನ್ನ ಮುಟ್ಟೂ ಹಂಗಿಲ್ಲ."

"ಕಾಕಾ, ಕಾಗದ ಹಾಕೂದಿಲ್ಲ, ಮಸಿ ಹಚ್ಚೂದಿಲ್ಲ. ಬರೇ ತುಳೀರಿ."

"ಇದನ್ನ ನೋಡು," ಎಂದು ಅವನು ಬಲಗೈ ಚಾಚಿದ. ಎರಡು ಬೆರಳಿಗೆ ತುದಿ ಇರಲಿಲ್ಲ. ಆ ಕಥೆ ಪ್ರೆಸ್ಸಿನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮೂವತ್ತು ವರ್ಷದ ಹಿಂದೆ ಇದೇ ದಿನ, ಯಾರದೋ ಅವಸರದ ಹ್ಯಾಂಡ್‌ಬಿಲ್ಲಿಗೆಂದು, ಹಾರ ಹಾಕಿದ ಮಷೀನನ್ನು ಓಡಿಸಿದ್ದ. "ಅವತ್ತ ನನ್ನ ಕೈಗೆ ಅರಿವಿ ಸುತ್ತಿದಾಕಿ ಅವ್ವಾರ. ಖಂಡೇಪೂಜಿ ದಿನ ಈ ಮಷೀನ ಯಾರೂ ಮುಟ್ಟಬಾರದು ಅಂತ ಕಟ್ಟಳಿ ಹಾಕಿದಾಕೀನೂ ಅವ್ವಾರ. ಅವರ ಮಾತು ಮೀರಿ ಅವರ ಮ್ಯಾಲ ಕೇಡು ತರಾಕ ನನ್ನ ಕೈಲಿ ಆಗಂಗಿಲ್ಲ."

ಅವನು ಹಟಮಾರಿ ಎಂದು ಕಸ್ತೂರಿಗೆ ಅನಿಸಲಿಲ್ಲ. ಅವನು ಹೆದರಿದ್ದ, ಅವಳಷ್ಟೇ ಹೆದರಿದ್ದ. ಏನು ಹೇಳಬೇಕೆಂದು ಅವಳು ತಡಕಾಡುತ್ತಿರುವಾಗ ಕುರ್ಚಿ ಕಿರ್ರೆಂದಿತು. ಗುರುಸಿದ್ಧವ್ವ ಎಡಗೈಯನ್ನು ಕೊರಳಿಗೆ ಒಯ್ದು, ತನ್ನ ಹಾರವನ್ನು ಹಿಡಿದು ಎಳೆಯುತ್ತಿದ್ದಳು. ಒಮ್ಮೆ ಎಳೆದಳು, ಎರಡು ಸಲ ಎಳೆದಳು. ದಾರ ಹರಿದು ಚೆಂಡುಹೂವು ನೆಲದ ತುಂಬ ಉರುಳಿದವು. ಆಮೇಲೆ ಅದೇ ಕೈಯಿಂದ ಟ್ರೆಡಲಿನ ಕಡೆ ತೋರಿಸಿದಳು.

ಕಟ್ಟಳೆ ಹಾಕಿದವಳೇ ತೆಗೆದಳು. ಇನ್ನು ಯಾರನ್ನು ಕೇಳುವುದು?

ಮೌಲಾಸಾಬ ಚಪ್ಪಲಿ ಬಿಟ್ಟ. ಮಷೀನಿನ ಹಾರ ಬಿಚ್ಚಿ ಗೂಟಕ್ಕೆ ಹಾಕಿದ, ಲಿಂಬೆಹಣ್ಣು ತೆಗೆದ. ಕಬ್ಬಿಣ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಸಿಟ್ಟ ಮಾಡಬ್ಯಾಡ, ಅವ್ವಾರ ಸಲುವಾಗಿ," ಎಂದ. ತುಳಿಯಲು ಶುರುಮಾಡಿದ.

ದೊಡ್ಡ ಗಾಲಿ ತಿರುಗಿತು. ಠಕ್ ಎಂದು ಬಾಯಿ ಮುಚ್ಚಿತು, ಗುಂಯ್ ಎಂದು ತೆರೆಯಿತು. ಮೂರು ಗಂಟೆ ದಾಟಿತ್ತು. ಮುದುಕನ ಕಾಲಿಗೆ ಹದ ಸಿಗಲು ಐದು ನಿಮಿಷವೇ ಬೇಕಾಯಿತು. ಆಮೇಲೆ ಆ ಓಟ ಒಂದೇ ಸಮನಾಯಿತು. ಗುರುಸಿದ್ಧವ್ವ ಕಣ್ಣು ಮುಚ್ಚಿದಳು. ಪರದೆಯಲ್ಲಿ ದ್ವಾರಪಾಲಕನ ಪ್ರಶ್ನೆ ಬಂದಾಗಲೆಲ್ಲ ಕಸ್ತೂರಿ ಅತ್ತೆಯ ಮೊಣಕಾಲು ಮುಟ್ಟಿದಳು ಅಷ್ಟೇ.

ಮೊದಲ ಸುತ್ತಿನಲ್ಲಿ ಒಂದು ಗೀಟು ಸರಿಯಾಗಿ ಬಿತ್ತು. ನಾಲ್ಕನೆಯದರಲ್ಲಿ ಎರಡು. ಆಮೇಲೆ ಮೂವತ್ತು ಸುತ್ತು ಎರಡರಲ್ಲೇ ನಿಂತಿತು. ಮೂರನೆಯ ಕಡಿತಕ್ಕೆ ಸೋತ ದವಡೆ ಜಾರುತ್ತಿತ್ತು. ಮೌಲಾಸಾಬನ ಬನಿಯನ್ ಬೆನ್ನಿಗೆ ಅಂಟಿತ್ತು. ಶಿವಯೋಗಿ "ನಾ ತುಳೀತೇನಿ ಕಾಕಾ" ಎಂದರೆ ಅವನು ತಲೆ ಅಲ್ಲಾಡಿಸಿದ. ಕಾಲು ಬದಲಾದರೆ ಓಟ ಬದಲಾಗುತ್ತದೆ.

ಮೂರು ಮೂವತ್ತೆಂಟಕ್ಕೆ ಫೋನು ಬಂತು.

"ಕಸ್ತೂರಿ, ನಾ ಇನ್ನ ಕಾಯೂಹಂಗಿಲ್ಲ."

"ಸರ್, ಗೋಡಿ ನೋಡ್ರಿ. ನಾನೂರ ಹದಿನೇಳು ನೋಡ್ತಿರ್ರಿ. ಅಳಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ, ಎರಡು ನಿಮಿಷ."

ಪ್ರಶ್ನೆ ಬಂತು. ಅವಳು ಮೊಣಕಾಲು ಮುಟ್ಟಿದಳು. ಠಕ್, ಒಂದು ಗೀಟು. ಠಕ್, ಎರಡು. ಗುರುಸಿದ್ಧವ್ವನ ಎಡಗೈ ತಟ್ಟನೆ ಮೇಲೆದ್ದು ತನ್ನದೇ ಗದ್ದವನ್ನು ಕೆಳಗಿನಿಂದ ಒತ್ತಿತು. ಠಕ್.

ಪರದೆ ಖಾಲಿಯಾಯಿತು. ದ್ವಾರಪಾಲಕ ಮತ್ತೆ ಏನೂ ಕೇಳಲಿಲ್ಲ. ಫೋನಿನಲ್ಲಿ ನಾಡಿಗೇರರ ಉಸಿರು ಕೇಳಿಸಿತು, ಆಮೇಲೆ ಅವರ ದನಿ: "ಹತ್ತಿತು. ಹಸರ ಹತ್ತಿತು!"

ವಾಲಿದ್ದ ಬಲಭುಜ ನಿಧಾನವಾಗಿ ಮೇಲೆ ಬಂತು. ಎಳೆದ ಬಾಯಿ ನೆಟ್ಟಗಾಯಿತು. ಗುರುಸಿದ್ಧವ್ವ ಉಗುಳು ನುಂಗಿದಳು.

"ಸಾಕು ನಿಂದರಸೋ ಮೌಲಾ," ಎಂದಳು. "ನಿನ್ನ ಕಾಲಾದರೂ ಉಳೀಲಿ."

ಮೌಲಾಸಾಬ ನಿಲ್ಲಿಸಿ, ಮಷೀನಿಗೆ ಆತುಕೊಂಡು ಮುಖ ಮುಚ್ಚಿಕೊಂಡ. ಶಿವಯೋಗಿ ತಾಯಿಯ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಕಸ್ತೂರಿಗೆ ಅಳಬೇಕೆನಿಸಿದರೂ ಪುರುಸೊತ್ತಿರಲಿಲ್ಲ. ನಡೆನುಡಿ ಎದ್ದಿರುವಾಗ, ಯಜಮಾನತಿಯೇ ಬಾಯಿಬಿಟ್ಟು ಒಪ್ಪಿಗೆ ಕೊಟ್ಟರೆ, ಚೀಟಿ ತಿದ್ದಬಹುದು. "ಒಪ್ಪೇನಿ, ತಿದ್ದು," ಎಂದಳು ಅತ್ತೆ. ಕಸ್ತೂರಿ ನಡೆನುಡಿಯ ಹೆಸರನ್ನು ಮೇಲೆ ಬರೆದಳು. ನಡೆನುಡಿ ಎದ್ದ ಮೇಲೆ ಅದೇ ಕೈಗುಣವನ್ನು ಎಬ್ಬಿಸುವಂತೆ ಬರೆದಳು. ದ್ವಾರಪಾಲಕ ಇನ್ನು ಯಾರನ್ನೂ ಏನೂ ಕೇಳಬಾರದೆಂದು ಬರೆದಳು. ಬರೆದದ್ದನ್ನು ಮೂರು ಸಲ ಓದಿದಳು. ಬಲಗೈಯ ಬೆರಳುಗಳು ಒಂದೊಂದಾಗಿ ಮಡಿಸಿ ಬಿಚ್ಚಿಕೊಂಡವು.

"ಆತು ಅತ್ತೀ. ಇನ್ನ ಹೆದರಿಕಿಲ್ಲ. ಉಣ್ಣೂಣು ಏಳ್ರಿ."

ಗುರುಸಿದ್ಧವ್ವ ಏಳಲಿಲ್ಲ. ಸೊಸೆಯ ಮುಖವನ್ನೇ ನೋಡಿದಳು.

"ಆಯಸ್ಕಾಂತ ಕೊಡು."

"ಯಾಕ್ರಿ?"

"ಬಂದ್ ಮಾಡು. ಬಂದ್ ಮಾಡಿ ಚಾಲೂ ಮಾಡು."

"ಅವ್ವಾ!" ಎಂದು ಶಿವಯೋಗಿ ಚೀರಿದ. "ಈಗರ ಎದ್ದೀದಿ. ಯಾತಕ್ಕ ಬೇಕು ಈ ಉಸಾಬರಿ? ಇನ್ನ ಮ್ಯಾಲ ಬಂದ್ ಮಾಡೂದ ಬ್ಯಾಡ. ಪೂಜೀನೂ ಬ್ಯಾಡ, ಏನೂ ಬ್ಯಾಡ."

"ಹಂಗಂದ್ರ ಜೀವ ಇರೂತನಾ ಇದು ಎಲ್ಲಿ ಬಂದ್ ಆಗತೈತೋ ಅಂತ ಅಂಜಕೋತ ಕುಂದ್ರಲೇನು? ಚಾರ್ಜ್ ತೀರಬಹುದು, ಎಲ್ಲೇರ ಬೀಳಬಹುದು. ಆವಾಗ ಕಸ್ತೂರಿ ಮಗ್ಗಲದಾಗ ಇರತಾಳೇನು? ಮೌಲಾ ಇರತಾನೇನು?" ಅವಳ ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. "ಕಸ್ತೂರಿ, ಅವತ್ತ ನೀ ಬಂದ್ ಮಾಡಿ ನೋಡೂಣು ಅಂದಿ. ನಾ ಬಿಡಲಿಲ್ಲ. ತಪ್ಪು ನಂದೂ ಐತಿ. ಈಗ ನೋಡು."

ಕಸ್ತೂರಿ ಆಯಸ್ಕಾಂತ ಕೈಗೆ ತೆಗೆದುಕೊಂಡಳು. ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಮತ್ತೆ ಅದೇ ಕತ್ತಲು, ಈ ಸಲ ಸೋತ ದವಡೆ, ಸೋತ ಕಾಲು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಕಣ್ಣು ನೋಡಿದಳು. ಅಲ್ಲೂ ಹೆದರಿಕೆ ಇತ್ತು. ಇಷ್ಟು ವರ್ಷದಲ್ಲಿ ಗುರುಸಿದ್ಧವ್ವ ಹೆದರಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ಆ ಹೆದರಿಕೆಯನ್ನು ಹಾಗೇ ಬಿಟ್ಟುಹೋದರೆ ಸೊಸೆಯಾಗಿಯೂ ಕಸುಬಿನವಳಾಗಿಯೂ ತಾನು ಉಪಯೋಗವಿಲ್ಲ ಎಂದುಕೊಂಡಳು.

ಕಿವಿಯ ಹಿಂದೆ ಮುಟ್ಟಿಸಿದಳು. ಭುಜ ಕುಸಿಯಿತು, ಬಾಯಿ ಎಳೆಯಿತು. ಶಿವಯೋಗಿ ತಾಯಿಯನ್ನು ಎದೆಗೆ ಆನಿಸಿಕೊಂಡ. ಕಸ್ತೂರಿ ಹತ್ತು ಎಣಿಸಿ ಮತ್ತೆ ಮುಟ್ಟಿಸಿದಳು. ಮೌಲಾಸಾಬ ಯಾವುದಕ್ಕೂ ಇರಲೆಂದು ಟ್ರೆಡಲಿನ ಮೇಲೆ ಒಂದು ಕಾಲಿಟ್ಟು ಕಾಯುತ್ತಿದ್ದ.

ಐದು. ಹತ್ತು. ಇಪ್ಪತ್ತು. ಪರದೆಯ ಮೇಲೆ ಪ್ರಶ್ನೆ ಬರಲಿಲ್ಲ. ಮೂವತ್ತೊಂದನೆಯ ಸೆಕೆಂಡಿಗೆ ಗುರುಸಿದ್ಧವ್ವ ಮಗನ ಎದೆಯಿಂದ ತಾನಾಗಿ ತಲೆ ಎತ್ತಿದಳು. ಬಲಗೈಯನ್ನು ಮುಖದ ಹತ್ತಿರ ತಂದು, ಐದೂ ಬೆರಳು ಅಲ್ಲಾಡಿಸಿ ನೋಡಿದಳು. ಆಗ ಕಸ್ತೂರಿಗೆ ಅಳು ಬಂತು, ತಡೆಯಲಿಲ್ಲ.

"ಅಳೂದು ಆಮ್ಯಾಲ," ಎಂದಳು ಗುರುಸಿದ್ಧವ್ವ, ಕಿವಿಯನ್ನು ಅವಳ ಕಡೆ ತಿರುಗಿಸುತ್ತ. "ಒಂದ ಪ್ರೂಫ್ ನೋಡಿ ಸಾವಿರ ಹೊಡದದ್ದು ಈ ಪ್ರೆಸ್ಸಿನಾಗ ಎಂದರ ಐತೇನು? ಇನ್ನೊಮ್ಮೆ ಬಂದ್ ಮಾಡು."